ಹಳೇ ಲ್ಯಾಪ್‌ಟಾಪ್ ಮಾರಬಹುದು, ಅದರೊಳಗಿನ ಹಾಡುಗಳನ್ನು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕಿಕೊಳ್ಳೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ತಕ್ಕಮಟ್ಟಿಗೆ ಹೊಸದಿರಬೇಕು. ಎಂಟು ಹತ್ತು ವರ್ಷ ಹಳೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದು ಆಗುವುದಿಲ್ಲ. ಹಾಗಾಗಿ ಚೆನ್ನಾಗಿಯೇ ಓಡುತ್ತಿರುವ ಯಂತ್ರವನ್ನೂ ಮಾರಿಬಿಡುವ ಯೋಚನೆ ಬೆಂಗಳೂರಿನ ಮನೆಗಳಲ್ಲಿ ಬಂದಿದೆ. ಕೆಲವರು ಎಸ್.ಪಿ. ರೋಡಿನ ಅಂಗಡಿಗೆ ಒಯ್ಯುತ್ತಾರೆ. ಕೆಲವರು ಆನ್‌ಲೈನ್‌ನಲ್ಲಿ ಫೋಟೋ ಹಾಕಿ ಗಿರಾಕಿ ಹುಡುಕುತ್ತಾರೆ.

ಆಗ ಒಂದು ಪ್ರಶ್ನೆ ಎದುರಾಗುತ್ತದೆ. ಆ ಡಿಸ್ಕ್‌ನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಾಡುಗಳಿವೆ. ದುಡ್ಡು ಕೊಟ್ಟು ಕೊಂಡವು, ಸಿಡಿಯಿಂದ ಹಾಕಿಕೊಂಡವು, ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟವು. ಲ್ಯಾಪ್‌ಟಾಪ್ ಜೊತೆಗೆ ಅವನ್ನೂ ಕೊಟ್ಟರೆ ತಪ್ಪಾಗುತ್ತದಾ?

ಹೊರದೇಶಗಳ ಸುದ್ದಿ ಈ ಗೊಂದಲವನ್ನು ಇನ್ನೂ ಜಾಸ್ತಿ ಮಾಡಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಡಿಜಿಟಲ್ ಹಾಡು, ಸಿನಿಮಾ, ಗೇಮ್ ಮಾರುವವರು, ಗಿರಾಕಿಗೆ ಸಿಗುವುದು ಲೈಸೆನ್ಸ್, ಅಂದರೆ ಬಳಸುವ ಅನುಮತಿ, ಮಾತ್ರ ಆಗಿದ್ದರೆ, ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ಅದಕ್ಕೂ ಕೆಲವು ತಿಂಗಳ ಹಿಂದೆ, 2024ರ ಅಕ್ಟೋಬರ್‌ನಲ್ಲಿ, ಡೌನ್‌ಲೋಡ್ ಮಾಡಿಕೊಂಡ ಗೇಮ್ ಅನ್ನು ಗಿರಾಕಿ ಮತ್ತೊಬ್ಬರಿಗೆ ಮಾರುವಂತಿಲ್ಲ ಎಂದು ಫ್ರಾನ್ಸ್‌ನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಾಗಾದರೆ ದುಡ್ಡು ಕೊಟ್ಟವರ ಕೈಗೆ ನಿಜಕ್ಕೂ ಬಂದದ್ದೇನು?

ಯಂತ್ರ ನಿಮ್ಮದು, ಅದನ್ನು ಧಾರಾಳವಾಗಿ ಮಾರಬಹುದು. ಅದರಲ್ಲಿ ಯಾವ ಅನುಮಾನವೂ ಇಲ್ಲ. ಹಾಡುಗಳ ವಿಷಯ ಮಾತ್ರ ಅವು ಡಿಸ್ಕ್‌ಗೆ ಹೇಗೆ ಬಂದವು, ಮಾರಿದ ಮೇಲೆ ನಿಮ್ಮ ಹತ್ತಿರ ಏನು ಉಳಿಯಿತು ಅನ್ನುವುದರ ಮೇಲೆ ನಿಂತಿದೆ.

ಕ್ಯಾಸೆಟ್ ಮಾರುವಾಗ ಯಾರೂ ಕೇಳಲಿಲ್ಲ

ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಮಾರುವವರು ಪ್ರಕಾಶಕರ ಅನುಮತಿ ಕೇಳುವುದಿಲ್ಲ. ಕ್ಯಾಸೆಟ್, ಸಿಡಿಗಳೂ ಹಾಗೆಯೇ ಕೈಯಿಂದ ಕೈಗೆ ಹೋದವು. ಇದರ ಹಿಂದೆ ಒಂದು ಹಳೆಯ ಕಾನೂನು ತತ್ವ ಇದೆ. ಒಂದು ಪ್ರತಿಯನ್ನು ಹಕ್ಕುದಾರ ಒಮ್ಮೆ ಮಾರಿದ ಮೇಲೆ, ಆ ಪ್ರತಿ ಮುಂದೆ ಯಾರ ಕೈಗೆ ಹೋಗಬೇಕು ಎಂದು ಹೇಳುವ ಅಧಿಕಾರ ಅವನಿಗೆ ಉಳಿಯುವುದಿಲ್ಲ. ಇದಕ್ಕೆ ಮೊದಲ ಮಾರಾಟದ ತತ್ವ ಅನ್ನುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು 1908ರಲ್ಲೇ ಒಪ್ಪಿತು. ಇಂತಿಷ್ಟಕ್ಕಿಂತ ಕಡಿಮೆ ಬೆಲೆಗೆ ಮಾರಬಾರದು ಎಂದು ಪುಸ್ತಕದಲ್ಲೇ ಅಚ್ಚು ಹಾಕಿದ್ದ ಪ್ರಕಾಶಕರು ಆ ಮೊಕದ್ದಮೆಯಲ್ಲಿ ಸೋತರು.

ನಮ್ಮ 1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್‌ನಲ್ಲೂ ಇದರ ನೆರಳಿದೆ. ಒಮ್ಮೆ ಮಾರಾಟವಾದ ಪ್ರತಿಯನ್ನು ಆಗಲೇ ಚಲಾವಣೆಯಲ್ಲಿರುವ ಪ್ರತಿ ಎಂದು ಪರಿಗಣಿಸಬೇಕು ಎಂದು ಅಲ್ಲಿನ ವಿವರಣೆ ಹೇಳುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಒಡೆತನಗಳಿವೆ. ಹಾಡಿನ ಹಕ್ಕು ಕಂಪನಿಯದು. ಆ ಹಾಡು ಕೂತಿರುವ ಪ್ಲಾಸ್ಟಿಕ್ ತಟ್ಟೆ ನಿಮ್ಮದು. ತಟ್ಟೆ ಮಾರಿದರೆ ಹಾಡಿನ ಹಕ್ಕೇನೂ ಮಾರಿದ ಹಾಗಾಗುವುದಿಲ್ಲ. ತಟ್ಟೆ ಹೋದ ಮೇಲೆ ನಿಮ್ಮ ಮನೆಯಲ್ಲಿ ಆ ಹಾಡು ಇರುವುದಿಲ್ಲ, ಕೊಂಡವರ ಮನೆಯಲ್ಲಿ ಇರುತ್ತದೆ. ಲೋಕದಲ್ಲಿ ಪ್ರತಿಗಳ ಲೆಕ್ಕ ಒಂದೂ ಹೆಚ್ಚಲಿಲ್ಲ. ಅದಕ್ಕೇ ಯಾರಿಗೂ ತಕರಾರಿರಲಿಲ್ಲ.

ಫೈಲ್ ಬಂದ ಮೇಲೆ ಏನಾಯಿತು

ಹಾಡು ಬರೀ ಫೈಲ್ ಆದ ಮೇಲೆ ಈ ಲೆಕ್ಕ ತಪ್ಪಿತು. ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಿದೆವು ಅನ್ನುತ್ತೇವೆ. ಆದರೆ ನಿಜಕ್ಕೂ ಆಗುವುದು ಬೇರೆ. ಆ ಕಡೆಯ ಡಿಸ್ಕ್‌ನಲ್ಲಿ ಹೊಸ ಪ್ರತಿ ತಯಾರಾಗುತ್ತದೆ, ಈ ಕಡೆಯದು ಅಳಿಸಿದರೆ ಮಾತ್ರ ಹೋಗುತ್ತದೆ. ಮೊದಲ ಮಾರಾಟದ ತತ್ವ ಇರುವ ಪ್ರತಿಯನ್ನು ಕೈ ಬದಲಿಸಲು ಬಿಡುತ್ತದೆ. ಹೊಸ ಪ್ರತಿ ಮಾಡಲು ಅದು ಎಂದೂ ಬಿಟ್ಟಿಲ್ಲ. ಇಡೀ ಜಗಳ ನಿಂತಿರುವುದು ಈ ಒಂದು ಅಂಶದ ಮೇಲೆ.

ಇದು ಕೋರ್ಟಿನಲ್ಲಿ ಪರೀಕ್ಷೆಗೆ ಬಂದದ್ದು ಅಮೆರಿಕದ ರೀಡಿಜಿ ಎಂಬ ಕಂಪನಿಯಿಂದ. 2011ರಲ್ಲಿ ಶುರುವಾದ ಆ ಕಂಪನಿ, ಆ್ಯಪಲ್‌ನ ಹಾಡಿನ ಅಂಗಡಿ ಐಟ್ಯೂನ್ಸ್‌ನಲ್ಲಿ ಕೊಂಡ ಹಾಡನ್ನು ಸೆಕೆಂಡ್ ಹ್ಯಾಂಡ್ ಆಗಿ ಮಾರುವ ಮಾರುಕಟ್ಟೆ ಕಟ್ಟಿತು. ಅವರು ತಕ್ಕಷ್ಟು ಎಚ್ಚರ ವಹಿಸಿದ್ದರು. ಸಿಡಿಯಿಂದ ಇಳಿಸಿಕೊಂಡ ಹಾಡನ್ನು ತೆಗೆದುಕೊಳ್ಳುತ್ತಿರಲಿಲ್ಲ. ಮಾರುವವರ ಕಂಪ್ಯೂಟರ್‌ನಲ್ಲಿ ಒಂದು ಸಾಫ್ಟ್‌ವೇರ್ ಹಾಕಿಸಿ, ಹಾಡು ಕಾನೂನುಬದ್ಧವಾಗಿ ಕೊಂಡದ್ದೇ ಎಂದು ನೋಡುತ್ತಿದ್ದರು. ಫೈಲನ್ನು ತುಂಡು ತುಂಡಾಗಿ ಸರ್ವರ್‌ಗೆ ಕಳಿಸುತ್ತಾ, ಕಳಿಸಿದ ತುಂಡನ್ನು ಈ ಕಡೆ ಅಳಿಸುತ್ತಾ ಹೋಗುತ್ತಿದ್ದರು. ಯಾವ ಗಳಿಗೆಯಲ್ಲೂ ಎರಡು ಪೂರ್ತಿ ಪ್ರತಿ ಇರುವುದಿಲ್ಲ ಎಂಬುದು ಅವರ ವಾದ.

ಕ್ಯಾಪಿಟಲ್ ರೆಕಾರ್ಡ್ಸ್ ಕಂಪನಿ ಮೊಕದ್ದಮೆ ಹೂಡಿತು. 2013ರಲ್ಲಿ ನ್ಯೂಯಾರ್ಕ್‌ನ ಜಿಲ್ಲಾ ನ್ಯಾಯಾಲಯದಲ್ಲಿ, 2018ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ, ಎರಡೂ ಕಡೆ ರೀಡಿಜಿ ಸೋತಿತು. ಈ ಕಡೆ ಅಳಿಸಿದರೂ ಬಿಟ್ಟರೂ, ಆ ಕಡೆಯ ಡಿಸ್ಕ್‌ನಲ್ಲಿ ಹಾಡು ಹೊಸದಾಗಿ ಮೂಡಿದೆ. ಅದು ಮರುಪ್ರತಿಯೇ, ಅದಕ್ಕೆ ಹಕ್ಕುದಾರರ ಅನುಮತಿ ಬೇಕು ಎಂದು ಕೋರ್ಟ್‌ಗಳು ಹೇಳಿದವು.

ಡಿಸ್ಕ್ ಸಮೇತ ಕೊಟ್ಟರೆ?

ಅದೇ ಜಿಲ್ಲಾ ನ್ಯಾಯಾಲಯದ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಸುದ್ದಿಯಲ್ಲಿ ಅದು ಅಷ್ಟಾಗಿ ಬರಲಿಲ್ಲ, ಆದರೆ ಹಳೇ ಲ್ಯಾಪ್‌ಟಾಪ್ ಮಾರುವವರಿಗೆ ಅದೇ ಮುಖ್ಯ. ಹಾಡನ್ನು ಮೊದಲು ಯಾವ ಹಾರ್ಡ್ ಡಿಸ್ಕ್‌ಗೆ, ಯಾವ ಐಪಾಡ್‌ಗೆ ಡೌನ್‌ಲೋಡ್ ಮಾಡಿದ್ದಿರೋ ಅದೇ ವಸ್ತುವನ್ನು ಮಾರುವ ಹಕ್ಕು ಮಾಲೀಕನಿಗೆ ಈಗಲೂ ಇದೆ ಎಂದು ನ್ಯಾಯಾಧೀಶರು ಬರೆದರು.

ಕಾರಣ ಸರಳ. ಆ ಡಿಸ್ಕ್ ಕೈ ಬದಲಿಸಿದಾಗ ಹೊಸ ಪ್ರತಿ ಹುಟ್ಟುವುದಿಲ್ಲ. ಸಿಡಿ ಕೊಟ್ಟಾಗ ಆಗುವುದೇ ಇಲ್ಲೂ ಆಗುತ್ತದೆ. ಆದರೆ ಇದಕ್ಕೆ ಒಂದು ಗಟ್ಟಿ ಷರತ್ತಿದೆ. ಮಾರುವವರು ತಮಗೆ ಅಂತ ಒಂದು ಪ್ರತಿಯನ್ನು ಬೇರೆಡೆ ಉಳಿಸಿಕೊಂಡಿರಬಾರದು.

ಬಹುತೇಕರು ಎಡವುವುದು ಇಲ್ಲೇ. ಹೊಸ ಲ್ಯಾಪ್‌ಟಾಪ್ ಬಂದ ದಿನ ಮಾಡುವ ಮೊದಲ ಕೆಲಸ, ಹಳೆಯದರಲ್ಲಿದ್ದ ಫೋಟೋ, ಹಾಡು ಎಲ್ಲವನ್ನೂ ಹೊಸದಕ್ಕೆ ತುಂಬಿಕೊಳ್ಳುವುದು. ಆಮೇಲೆ ಹಳೆಯದನ್ನು ಹಾಗೇ ಮಾರಿದರೆ ಒಂದು ಹಾಡಿಗೆ ಇಬ್ಬರು ಒಡೆಯರಾದರು, ದುಡ್ಡು ಕೊಟ್ಟವರು ಒಬ್ಬರೇ. ಇದನ್ನು ಯಾವ ದೇಶದ ಕಾನೂನೂ ಮೊದಲ ಮಾರಾಟ ಎಂದು ಒಪ್ಪುವುದಿಲ್ಲ.

ಇನ್ನೂ ಒಂದು ತೊಡಕಿದೆ. ಐದು ವರ್ಷದಲ್ಲಿ ಹಾಡುಗಳು ಒಂದೇ ಡಿಸ್ಕ್‌ನಲ್ಲಿ ಇದ್ದಿರುವುದು ಅಪರೂಪ. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿರುತ್ತೇವೆ. ಆಗ ಈಗಿರುವ ಫೈಲ್ ಮೊದಲು ಡೌನ್‌ಲೋಡ್ ಆದ ಪ್ರತಿಯಲ್ಲ, ಪ್ರತಿಯ ಪ್ರತಿ. ಅಮೆರಿಕದ ತೀರ್ಪಿನ ಆ ಸಣ್ಣ ಬಾಗಿಲು ಇಂಥವರಿಗೆ ತೆರೆಯುವುದೇ ಇಲ್ಲ.

ಯುರೋಪ್ ಅರ್ಧ ದಾರಿ ಬಂದು ನಿಂತಿತು

ಯುರೋಪಿನ ನ್ಯಾಯಾಲಯ 2012ರ ಜುಲೈನಲ್ಲಿ ಬೇರೆ ದಾರಿ ಹಿಡಿದಿತ್ತು. ಸಾಫ್ಟ್‌ವೇರ್ ಕಂಪನಿ ಒರಾಕಲ್ ಮತ್ತು ಹಳೇ ಸಾಫ್ಟ್‌ವೇರ್ ಲೈಸೆನ್ಸ್ ಮಾರುವ ಯೂಸ್ಡ್‌ಸಾಫ್ಟ್ ನಡುವಿನ ಮೊಕದ್ದಮೆ ಅದು. ಅವಧಿಯ ಮಿತಿಯಿಲ್ಲದ ಲೈಸೆನ್ಸ್‌ಗೆ ದುಡ್ಡು ಕೊಟ್ಟಿದ್ದರೆ, ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರನ್ನೂ ಮರುಮಾರಾಟ ಮಾಡಬಹುದು, ಆದರೆ ಮಾರುವವರು ತಮ್ಮ ಪ್ರತಿಯನ್ನು ಬಳಸಲಾಗದಂತೆ ಮಾಡಬೇಕು ಎಂದಿತು. ಹಾಡು, ಪುಸ್ತಕಕ್ಕೂ ಇದೇ ನಿಯಮ ಬರುತ್ತದೆ ಎಂದು ಕೇಳುಗರ ಪರ ಇದ್ದವರು ಕಾದರು. ಬರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಟಾಮ್ ಕ್ಯಾಬಿನೆಟ್ ಎಂಬ ಡಚ್ ಕಂಪನಿಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇ-ಪುಸ್ತಕಕ್ಕೆ ಈ ಸವಲತ್ತು ಇಲ್ಲ ಎಂದಿತು. ಡಿಜಿಟಲ್ ಪ್ರತಿ ಬಳಸಿದಂತೆ ಸವೆಯುವುದಿಲ್ಲ, ಸೆಕೆಂಡ್ ಹ್ಯಾಂಡ್ ಫೈಲ್ ಹೊಸದರಷ್ಟೇ ಚೆನ್ನಾಗಿರುತ್ತದೆ, ಹಾಗಾಗಿ ಲೇಖಕರಿಗೆ ಹೆಚ್ಚು ಪೆಟ್ಟು ಬೀಳುತ್ತದೆ ಎಂಬುದು ಅಲ್ಲಿನ ತರ್ಕ.

ನಮ್ಮ ಕಾಯ್ದೆಯಲ್ಲಿ ತೆಗೆದುಹಾಕಿದ ಒಂದು ಸಾಲು

ಭಾರತದ ಮಟ್ಟಿಗೆ ಈ ಪ್ರಶ್ನೆ ಇನ್ನೂ ಮುಗಿದಿಲ್ಲ. ಹಾಡಿನ ಫೈಲ್ ಮರುಮಾರಾಟದ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ ನೇರವಾಗಿ ಏನೂ ಹೇಳಿಲ್ಲ. ಆದರೆ ಕಾಯ್ದೆಯ ಪಠ್ಯ ಬದಲಾದ ರೀತಿಯನ್ನು ನಿಧಾನವಾಗಿ ನೋಡಿದರೆ ಒಂದು ದಿಕ್ಕು ಕಾಣುತ್ತದೆ.

1994ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಒಂದು ಕಟ್ಟುನಿಟ್ಟಾದ ಸಾಲಿತ್ತು. ಧ್ವನಿಮುದ್ರಣದ ಪ್ರತಿಯನ್ನು ಮಾರುವ, ಬಾಡಿಗೆಗೆ ಕೊಡುವ ಹಕ್ಕು ಕಂಪನಿಯದು, ಆ ಪ್ರತಿ ಹಿಂದೆ ಮಾರಾಟವಾಗಿದ್ದರೂ ಸರಿಯೇ ಎಂದು ಅದು ಹೇಳುತ್ತಿತ್ತು. ಸಿನಿಮಾಕ್ಕೂ, ಸಾಫ್ಟ್‌ವೇರ್‌ಗೂ ಇದೇ ಮಾತು. ಅಕ್ಷರಶಃ ಓದಿದರೆ ಹಳೇ ಕ್ಯಾಸೆಟ್ ಮಾರುವುದೂ ತಪ್ಪಾಗುತ್ತಿತ್ತು! 2009ರಲ್ಲಿ ದೆಹಲಿ ಹೈಕೋರ್ಟ್, ವಾರ್ನರ್ ಬ್ರದರ್ಸ್ ಹೂಡಿದ್ದ ಮೊಕದ್ದಮೆಯಲ್ಲಿ, ಸಿನಿಮಾ ಡಿವಿಡಿಗಳನ್ನು ಹೊರದೇಶದಿಂದ ಕೊಂಡು ತಂದು ಬಾಡಿಗೆಗೆ ಕೊಡುವುದನ್ನು ತಡೆಯಿತು. ಕಾಯ್ದೆಯ ಈ ಸಾಲು ಆಗ ಕಂಪನಿಯ ಕೈ ಬಲಪಡಿಸಿತು.

ಆ ಸಾಲು ಒಂದೇ ಸಲಕ್ಕೆ ಹೋಗಲಿಲ್ಲ, ಒಂದೊಂದು ಕಡೆಯಿಂದ ಕಳಚಿತು. ಸಾಫ್ಟ್‌ವೇರ್ ವಿಷಯದಲ್ಲಿ 1999ರಲ್ಲಿ, ಹಾಡು ಮತ್ತು ಸಿನಿಮಾದ ವಿಷಯದಲ್ಲಿ 2012ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಈಗ ಉಳಿದಿರುವುದು, ಪ್ರತಿಯನ್ನು ಮಾರುವ ಅಥವಾ ವ್ಯಾಪಾರಕ್ಕಾಗಿ ಬಾಡಿಗೆ ಕೊಡುವ ಹಕ್ಕು ಎಂಬಷ್ಟೇ ಮಾತು.

ಸಾಲು ತೆಗೆದದ್ದರ ಅರ್ಥವೇನು? ಇದಕ್ಕೆ ಒಂದು ಸುಳಿವು ಬೆಂಗಳೂರಿನಿಂದಲೇ ಹೊರಟ ಮೊಕದ್ದಮೆಯಲ್ಲಿ ಸಿಗುತ್ತದೆ. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಇಲ್ಲಿನ ಕಂಪನಿ ವಿದೇಶದಿಂದ ಸಾಫ್ಟ್‌ವೇರ್ ತರಿಸಿಕೊಂಡಿತ್ತು. ಆ ದುಡ್ಡು ಕಾಪಿರೈಟ್‌ನ ರಾಯಲ್ಟಿಯೋ ಅಲ್ಲವೋ ಎಂಬುದು ಆದಾಯ ತೆರಿಗೆಯವರ ಜೊತೆಗಿನ ಜಗಳ. ಕರ್ನಾಟಕ ಹೈಕೋರ್ಟ್ ಇಂಥ ಪ್ರಕರಣಗಳಲ್ಲಿ ತೆರಿಗೆ ಇಲಾಖೆಯ ಪರ ನಿಂತಿತ್ತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕೃತಿಯ ಕಾಪಿರೈಟ್ ಬೇರೆ, ಕೃತಿ ಕೂತಿರುವ ವಸ್ತುವಿನ ಒಡೆತನ ಬೇರೆ ಎಂದು ಹೇಳಿತು. 1999ರಲ್ಲಿ ಆ ಸಾಲು ತೆಗೆದದ್ದನ್ನು ಗಮನಿಸಿ, ಮೊದಲ ಮಾರಾಟದ ತತ್ವ ಸಾಫ್ಟ್‌ವೇರ್ ಪ್ರತಿಗೂ ಅನ್ವಯಿಸುತ್ತದೆ ಎಂಬ ಕಡೆಗೆ ಒಲಿಯಿತು.

ಅದೇ ಸಾಲು ಹಾಡಿನ ಭಾಗದಿಂದಲೂ ಹೋಗಿದೆ. ಹಾಗಾದರೆ ಅದೇ ತರ್ಕ ಹಾಡಿನ ಪ್ರತಿಗೂ ಸಲ್ಲಬೇಕು, ಅಲ್ವಾ? ಸಲ್ಲಬೇಕು ಎಂಬುದೇ ಈ ಲೇಖನದ ನಿಲುವು. ಹಳೇ ಸಿಡಿ ಮಾರಾಟದ ಮಟ್ಟಿಗಂತೂ ಈಗ ಅಳುಕಬೇಕಾಗಿಲ್ಲ. ಫೈಲ್ ವಿಷಯಕ್ಕೆ ಬಂದಾಗ ಮಾತ್ರ 2012ರ ತಿದ್ದುಪಡಿಯೇ ಇನ್ನೊಂದು ಕೈಯಿಂದ ಅಡ್ಡ ಹಾಕುತ್ತದೆ. ಧ್ವನಿಮುದ್ರಣವನ್ನು ಎಲೆಕ್ಟ್ರಾನಿಕ್ ಅಥವಾ ಬೇರೆ ಯಾವುದೇ ಮಾಧ್ಯಮದಲ್ಲಿ ಸಂಗ್ರಹಿಸುವುದು ಕೂಡ ಹಕ್ಕುದಾರರ ಹಕ್ಕು ಎಂದು ಅದು ಸೇರಿಸಿತು. ಅಂದರೆ ಡಿಸ್ಕ್ ಸಮೇತ ಕೈ ಬದಲಿಸಿದರೆ ವಾದಕ್ಕೆ ಜಾಗ ಇದೆ. ಫೈಲನ್ನು ಕೊಂಡವರ ಡಿಸ್ಕ್‌ಗೆ ಕಾಪಿ ಮಾಡಿಕೊಟ್ಟರೆ ಇಲ್ಲ.

ಸ್ವಂತ ಬಳಕೆಯ ರಿಯಾಯಿತಿ ಎಲ್ಲಿಯವರೆಗೆ

ಹಾಗಾದರೆ ಸಿಡಿ ಕೊಂಡು ತಂದು ಲ್ಯಾಪ್‌ಟಾಪ್‌ಗೆ ಹಾಕಿಕೊಂಡದ್ದೇ ತಪ್ಪಾ? ಅಲ್ಲ. ಕಾಯ್ದೆಯ 52ನೇ ಸೆಕ್ಷನ್ ಸ್ವಂತ, ಖಾಸಗಿ ಬಳಕೆಗೆ ನ್ಯಾಯವಾಗಿ ಮಾಡಿಕೊಳ್ಳುವ ಪ್ರತಿಯನ್ನು ಉಲ್ಲಂಘನೆ ಅನ್ನುವುದಿಲ್ಲ. ಅದಕ್ಕಾಗಿ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಇಟ್ಟುಕೊಳ್ಳುವುದನ್ನೂ ಒಪ್ಪುತ್ತದೆ. ಈ ವಿಷಯದಲ್ಲಿ ನಾವು ಬ್ರಿಟನ್ನಿಗಿಂತ ಮುಂದಿದ್ದೇವೆ. ಅಲ್ಲಿ 2014ರಲ್ಲಿ ಇಂಥ ಸವಲತ್ತು ಬಂದು, ಮರುವರ್ಷವೇ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಆದರೆ ಈ ರಿಯಾಯಿತಿ ಬಳಕೆಗೆ ಅಂಟಿಕೊಂಡಿದೆ. ನಿಮ್ಮ ಸ್ವಂತ ಬಳಕೆ ಇರುವವರೆಗೆ ಆ ಪ್ರತಿ ಸರಿ. ಅದೇ ಪ್ರತಿಯನ್ನು ಲ್ಯಾಪ್‌ಟಾಪ್ ಜೊತೆ ಬೇರೆಯವರಿಗೆ ಮಾರಿದ ಕ್ಷಣ ಅದು ಸ್ವಂತ ಬಳಕೆಯಾಗಿ ಉಳಿಯುವುದಿಲ್ಲ. ಸಿಡಿ ನಿಮ್ಮ ಕಪಾಟಿನಲ್ಲೇ ಇದ್ದು, ಅದರಿಂದ ಇಳಿಸಿದ ಹಾಡು ಮಾತ್ರ ಹೊರಗೆ ಹೋದರೆ ರಕ್ಷಣೆ ತಪ್ಪಿತು ಎಂದೇ ಲೆಕ್ಕ. ಉಲ್ಟಾ ಕೂಡ ಅಷ್ಟೇ. ಸಿಡಿಗಳನ್ನೆಲ್ಲ ಮಾರಿ, ಹಾಡುಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸಿಕೊಳ್ಳುವವರು ಬಹಳ ಜನ. ಇದರಲ್ಲಿ ತಪ್ಪೇನು ಎಂದು ಅನಿಸಬಹುದು. ಮೂಲ ಕೈಬಿಟ್ಟ ಮೇಲೆ ಪ್ರತಿಯನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಡೌನ್‌ಲೋಡ್ ಅಂಗಡಿಯಲ್ಲಿ ಕೊಂಡ ಹಾಡಿನ ಮೇಲೆ ಒಪ್ಪಂದದ ಕಟ್ಟೂ ಇರುತ್ತದೆ. ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂಬ ಷರತ್ತಿಗೆ ಒಪ್ಪಿಗೆ ಒತ್ತಿಯೇ ನಾವು ಕೊಂಡಿರುತ್ತೇವೆ. ಐಟ್ಯೂನ್ಸ್ ಹಾಡುಗಳಿಗೆ 2009ರವರೆಗೆ ಡಿಜಿಟಲ್ ಬೀಗವೂ ಇತ್ತು. ಐದು ಕಂಪ್ಯೂಟರ್‌ಗಿಂತ ಹೆಚ್ಚು ಕಡೆ ಅವು ಓಡುತ್ತಿರಲಿಲ್ಲ. ಬೀಗ ಹೋದ ಮೇಲೂ ಫೈಲ್‌ನೊಳಗೆ ಕೊಂಡವರ ಖಾತೆಯ ವಿವರ ಬರೆದಿರುತ್ತದೆ. ಆ ಲ್ಯಾಪ್‌ಟಾಪ್ ನಾಲ್ಕು ಕೈ ದಾಟಿ, ಹಾಡು ಯಾವುದೋ ಸೈಟ್‌ನಲ್ಲಿ ಕಾಣಿಸಿಕೊಂಡರೆ ಅದರಲ್ಲಿ ಇರುವುದು ನಿಮ್ಮ ಇಮೇಲ್. ಬೀಗ ಇರುವ ಫೈಲ್‌ನ ಬೀಗ ಒಡೆದು ಕೊಡೋಣ ಅಂದರೆ, ಬೇರೆಯವರ ಹಕ್ಕು ಮುರಿಯುವ ಉದ್ದೇಶದಿಂದ ಬೀಗ ಮುರಿಯುವುದಕ್ಕೆ 65ಎ ಸೆಕ್ಷನ್‌ನಡಿ ಎರಡು ವರ್ಷದವರೆಗೆ ಜೈಲು ಇದೆ.

ಸ್ಪಾಟಿಫೈ, ಜಿಯೋಸಾವನ್ ಬಗೆಯ ಆ್ಯಪ್‌ಗಳಲ್ಲಿ ಇಳಿಸಿಕೊಂಡ ಹಾಡಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಅವು ಚಂದಾ ಇರುವವರೆಗೆ ಮಾತ್ರ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬರದಿದ್ದರೆ ಇಳಿಸಿಕೊಂಡ ಹಾಡು ಓಡುವುದಿಲ್ಲ. ಕೊಡುವುದಕ್ಕೆ ಅಲ್ಲಿ ಏನೂ ಇಲ್ಲ.

ಕರ್ನಾಟಕದ ಕೇಳುಗರಿಗೆ ಇನ್ನೊಂದು ಗೊಂದಲ ಸಾಮಾನ್ಯ. ಪುರಂದರದಾಸರ ದೇವರನಾಮಕ್ಕೆ ಯಾವ ಕಾಪಿರೈಟ್ ಅನ್ನುತ್ತಾರೆ. ಸಾಹಿತ್ಯಕ್ಕೆ ಇಲ್ಲ, ನಿಜ. ಆದರೆ ಅದನ್ನು ಒಬ್ಬ ಗಾಯಕರು ಹಾಡಿ, ಕಂಪನಿ ಮುದ್ರಿಸಿ ಬಿಡುಗಡೆ ಮಾಡಿದಾಗ ಆ ಮುದ್ರಣಕ್ಕೆ ಬೇರೆಯೇ ಹಕ್ಕು ಹುಟ್ಟುತ್ತದೆ. ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಅದು ಇರುತ್ತದೆ. 1965ರಲ್ಲಿ ಬಿಡುಗಡೆಯಾದ ಮುದ್ರಣದ ಹಕ್ಕು 2025ರ ಡಿಸೆಂಬರ್ 31ರವರೆಗೆ. 1990ರ ದಶಕದ ಭಕ್ತಿಗೀತೆ ಕ್ಯಾಸೆಟ್‌ಗಳ ಹಕ್ಕು ಮುಗಿಯಲು ಇನ್ನೂ ಬಹಳ ಕಾಲ ಇದೆ.

ಎರಡೂ ಕಡೆಯ ವಾದ

ಕಂಪನಿಗಳ ಭಯ ಪೊಳ್ಳಲ್ಲ. ಕ್ಯಾಸೆಟ್ ಸವೆಯುತ್ತಿತ್ತು, ರೀಲು ಸಿಕ್ಕಿಕೊಳ್ಳುತ್ತಿತ್ತು, ಸಿಡಿಗೆ ಗೀರು ಬೀಳುತ್ತಿತ್ತು. ಹಾಗಾಗಿ ಹಳೆಯದಕ್ಕೆ ಬೆಲೆ ಕಡಿಮೆ, ಹೊಸದಕ್ಕೆ ಗಿರಾಕಿ ಇದ್ದೇ ಇರುತ್ತಿದ್ದರು. ಫೈಲ್ ಸವೆಯುವುದಿಲ್ಲ. ಮರುಮಾರಾಟ ಸಲೀಸಾದರೆ ಹೊಸದನ್ನು ಯಾರು ಕೊಳ್ಳುತ್ತಾರೆ ಎಂದು ಅವರು ಕೇಳುತ್ತಾರೆ. ಮಾರಿದವರು ತಮ್ಮ ಪ್ರತಿ ಅಳಿಸಿದ್ದಾರೆ ಎಂದು ನೋಡಲು ಮನೆಮನೆಗೆ ಹೋಗುವುದು ಆಗದ ಮಾತು. ದೊಡ್ಡ ಕಂಪನಿಗಿಂತ, ಸಾವಿರದ ಲೆಕ್ಕದಲ್ಲಿ ಹಾಡು ಮಾರುವ ಸಣ್ಣ ಕನ್ನಡ ಸಂಗೀತ ಸಂಸ್ಥೆಗೆ, ಸ್ವತಂತ್ರ ಕಲಾವಿದರಿಗೆ ಇದು ಜಾಸ್ತಿ ತಟ್ಟುತ್ತದೆ.

ಕೇಳುಗರ ವಾದವೂ ಗಟ್ಟಿಯಾಗಿದೆ. ಕೊಳ್ಳುವ ಗುಂಡಿ ಒತ್ತಿಸಿ ದುಡ್ಡು ತೆಗೆದುಕೊಂಡ ಮೇಲೆ, ಕೊಟ್ಟದ್ದು ಲೈಸೆನ್ಸ್ ಮಾತ್ರ ಎಂದು ಆಮೇಲೆ ಹೇಳುವುದು ನ್ಯಾಯವಲ್ಲ. ಹಳೇ ಪುಸ್ತಕ, ಹಳೇ ಸಿಡಿಯ ಮಾರುಕಟ್ಟೆಯಿಂದ ಓದುವವರು, ಕೇಳುವವರು ಹೆಚ್ಚಾದರೇ ಹೊರತು ಕಡಿಮೆಯಾಗಲಿಲ್ಲ. ದುಡ್ಡಿಲ್ಲದ ವಿದ್ಯಾರ್ಥಿಗೆ ಅದೇ ಮೊದಲ ಮೆಟ್ಟಿಲು. ಒಂದೇ ಪ್ರತಿ ಉಳಿಯುವಂತೆ ನೋಡಿಕೊಳ್ಳುವುದು ತಂತ್ರಜ್ಞಾನಕ್ಕೆ ಸಾಧ್ಯವಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಸೆಕೆಂಡ್ ಹ್ಯಾಂಡ್ ಡಿಜಿಟಲ್ ಸರಕಿನ ಮಾರುಕಟ್ಟೆಗೆ ಅಮೆಜಾನ್ 2013ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿತ್ತು. ದಾರಿ ಗೊತ್ತಿದೆ, ಆ ದಾರಿಯಲ್ಲಿ ನಡೆಯುವ ಮನಸ್ಸು ಮಾರುವವರಿಗಿಲ್ಲ.

ಕೊಂಡವರ ಸ್ಥಿತಿ ಎಷ್ಟು ಅತಂತ್ರ ಎಂಬುದನ್ನು ಬೆಂಗಳೂರು ನೋಡಿದೆ. ಇಲ್ಲಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆಯಿತು. ಬೀಗವಿಲ್ಲದ ಎಂಪಿ3 ಹಾಡುಗಳನ್ನು ಮಾರಿತು. ಉಚಿತವಾಗಿ ಸಿಗುವ ಕಾಲದಲ್ಲೂ ಪ್ರಾಮಾಣಿಕವಾಗಿ ದುಡ್ಡು ಕೊಟ್ಟವರು ಅದರ ಗಿರಾಕಿಗಳು. 2013ರ ಜೂನ್‌ನಲ್ಲಿ ಮಾರಾಟ ನಿಂತಿತು. ಕೊಂಡದ್ದನ್ನು ಕೆಲವೇ ವಾರಗಳೊಳಗೆ ಇಳಿಸಿಕೊಳ್ಳಿ ಎಂದು ಗಿರಾಕಿಗಳಿಗೆ ಹೇಳಲಾಯಿತು. ಅವರ ಪಾಲಿಗೆ ಈಗ ಉಳಿದಿರುವುದು ಡಿಸ್ಕ್‌ನಲ್ಲಿರುವ ಫೈಲ್ ಒಂದೇ. ಅಂಗಡಿ ಇಲ್ಲ, ಮತ್ತೆ ಇಳಿಸಿಕೊಳ್ಳುವ ದಾರಿಯೂ ಇಲ್ಲ. ಇಂಥವರಿಗೆ ಡಿಸ್ಕ್ ಸಮೇತ ಹಾಡು ದಾಟಿಸುವ ಹಕ್ಕನ್ನೂ ಕೊಡದಿರುವುದು ಪ್ರಾಮಾಣಿಕರಿಗೇ ಶಿಕ್ಷೆ ಕೊಟ್ಟ ಹಾಗೆ.

ಭಯ ಎಷ್ಟು, ಯಾರಿಗೆ

63ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ಕಾಪಿರೈಟ್ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ಕೋರ್ಟ್ ಇದನ್ನು ಇಳಿಸಬಹುದು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಎಂದು ಹೇಳಿತು. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು, ವ್ಯಾಪಾರಕ್ಕಾಗಿ ಕಾಪಿರೈಟ್ ಮುರಿಯುವವರನ್ನೂ ಅದರೊಳಗೆ ಸೇರಿಸಿತು. ಆ ಕಾಯ್ದೆಯಡಿ ಒಂದು ವರ್ಷದವರೆಗೆ ಮುಂಜಾಗ್ರತೆಯ ಬಂಧನ ಸಾಧ್ಯ.

ಇದನ್ನು ಓದಿ ಮನೆಯ ಲ್ಯಾಪ್‌ಟಾಪ್ ಮಾರುವವರು ಬೆಚ್ಚಿಬೀಳಬೇಕಾಗಿಲ್ಲ. ಈ ಕಾನೂನುಗಳ ಕಣ್ಣು ವ್ಯಾಪಾರದ ಮೇಲೆ. ಸಾವಿರಾರು ಹಾಡು ತುಂಬಿದ್ದೇವೆ ಎಂದು ಜಾಹೀರಾತು ಹಾಕಿ ಜಾಸ್ತಿ ಬೆಲೆ ಕೇಳುವವರು, ಪೆನ್‌ಡ್ರೈವ್‌ಗೆ, ಮೆಮೊರಿ ಕಾರ್ಡ್‌ಗೆ ದುಡ್ಡು ತೆಗೆದುಕೊಂಡು ಹಾಡು ಹಾಕಿಕೊಡುವ ಅಂಗಡಿಯವರು ನಿಜಕ್ಕೂ ಅಪಾಯದಲ್ಲಿದ್ದಾರೆ. ಹಳೇ ಲ್ಯಾಪ್‌ಟಾಪ್ ಜೊತೆ ಹಾಡನ್ನು ಸವಲತ್ತಿನಂತೆ ತೋರಿಸಿ ಮಾರುವುದೂ ಅದೇ ಸಾಲಿಗೆ ಹತ್ತಿರ ಬರುತ್ತದೆ. ಹಾಡಿನಿಂದ ಬೆಲೆ ಹೆಚ್ಚಿತು ಅಂದರೆ ಹಾಡು ಮಾರಿದಂತೆಯೇ.

ಯಂತ್ರದ ಮರುಮಾರಾಟಕ್ಕೆ ಮಾತ್ರ ಕೋರ್ಟ್‌ಗಳ ಬೆಂಬಲ ಸ್ಪಷ್ಟವಾಗಿದೆ. 2024ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್, ಹಳೇ ಹಾರ್ಡ್ ಡಿಸ್ಕ್‌ಗಳನ್ನು ರಿಪೇರಿ ಮಾಡಿ ಮಾರುವುದನ್ನು ತಡೆಯಲು ಸೀಗೇಟ್‌ನಂಥ ಕಂಪನಿಗಳು ಹೂಡಿದ್ದ ಮೊಕದ್ದಮೆಗಳಲ್ಲಿ ಮಾರಾಟಕ್ಕೆ ಅವಕಾಶ ಕೊಟ್ಟಿತು. ಇದು ರಿಪೇರಿ ಮಾಡಿದ ಹಳೇ ಮಾಲು, ಮೂಲ ಕಂಪನಿಯ ವಾರಂಟಿ ಇಲ್ಲ ಎಂದು ಪ್ಯಾಕೆಟ್ ಮೇಲೆ ತಿಳಿಸಬೇಕು ಎಂಬುದು ಮುಖ್ಯ ಷರತ್ತು.

ಮಾರುವ ಮುನ್ನ

ಸದ್ಯಕ್ಕೆ ಸುರಕ್ಷಿತ ದಾರಿ ಒಂದೇ. ಹಾಡನ್ನು ನಿಮಗಾಗಿ ಹೊಸ ಯಂತ್ರಕ್ಕೆ ತೆಗೆದುಕೊಂಡು, ಹಳೆಯದನ್ನು ಖಾಲಿ ಮಾಡಿ ಕೊಡುವುದು. ಐಟ್ಯೂನ್ಸ್ ಬಳಸಿದ್ದರೆ ಡಿಸ್ಕ್ ಅಳಿಸುವ ಮೊದಲೇ ಖಾತೆಯ ಮೆನುವಿನಲ್ಲಿ ಆ ಕಂಪ್ಯೂಟರ್‌ನ ಅನುಮತಿ ತೆಗೆಯಬೇಕು. ಮರೆತರೆ ಐದರ ಲೆಕ್ಕದಲ್ಲಿ ಒಂದು ಜಾಗ ಸುಮ್ನೆ ವ್ಯರ್ಥವಾಗುತ್ತದೆ.

ಫೈಲ್‌ಗಳನ್ನು ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಸಾಲದು. ಆಗ ಅಳಿಯುವುದು ಫೈಲ್ ಎಲ್ಲಿದೆ ಎಂಬ ಗುರುತು ಮಾತ್ರ. ಹಾರ್ಡ್ ಡಿಸ್ಕ್‌ನಲ್ಲಿ ಮಾಹಿತಿಯೆಲ್ಲ ಹಾಗೇ ಕೂತಿರುತ್ತದೆ, ಮರಳಿ ಎತ್ತುವ ಸಾಫ್ಟ್‌ವೇರ್ ಯಾರಿಗೂ ಸಿಗುತ್ತದೆ. ವಿಂಡೋಸ್‌ನ ರೀಸೆಟ್‌ನಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆ ಹಿಡಿದು, ಅದರೊಳಗೆ ಡ್ರೈವ್ ಸ್ವಚ್ಛಗೊಳಿಸುವ ಆಯ್ಕೆಯನ್ನೂ ಹಾಕಿಕೊಳ್ಳಬೇಕು. ಹೊಸ ಮ್ಯಾಕ್‌ಗಳಲ್ಲಿ ಎಲ್ಲ ವಿಷಯ ಮತ್ತು ಸೆಟಿಂಗ್ ಅಳಿಸುವ ಒಂದೇ ಆಯ್ಕೆ ಈ ಕೆಲಸ ಮಾಡುತ್ತದೆ. ಹಾಡಿಗಿಂತ ದೊಡ್ಡ ಕಾರಣವೂ ಇದಕ್ಕಿದೆ. ಅದೇ ಡಿಸ್ಕ್‌ನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ಪ್ರತಿ, ಮಕ್ಕಳ ಫೋಟೋ ಎಲ್ಲ ಇರುತ್ತವೆ.

ಹಾಡನ್ನೂ ದಾಟಿಸಲೇಬೇಕು ಅನ್ನುವವರು, ಸಿಡಿಗಳಿದ್ದರೆ ಸಿಡಿಗಳನ್ನೇ ಕೊಡಲಿ. ಆಗ ತಮ್ಮ ಹತ್ತಿರದ ಪ್ರತಿಗಳನ್ನು ಅಳಿಸಲಿ. ಮಗಳ ಸಂಗೀತ ಪಾಠದ ರೆಕಾರ್ಡಿಂಗ್, ಮನೆಯ ಹಬ್ಬದಲ್ಲಿ ಅಜ್ಜಿ ಹಾಡಿದ ಸಂಪ್ರದಾಯದ ಹಾಡು ಇಂಥವಕ್ಕೆ ಕಂಪನಿಯ ಹಕ್ಕು ಅಡ್ಡ ಬರುವುದಿಲ್ಲ. ಆದರೆ ಅವು ಅಪರಿಚಿತರ ಕೈಗೆ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ, ಮೊದಲು ಅವನ್ನು ಎರಡು ಕಡೆ ಉಳಿಸಿಕೊಳ್ಳಿ.

ಕಾನೂನು ಏನು ಮಾಡಬಹುದು

ಈ ಸಮಸ್ಯೆ ತಾನಾಗಿಯೇ ಹೋಗುತ್ತದೆ, ಈಗ ಎಲ್ಲರೂ ಸ್ಟ್ರೀಮಿಂಗ್ ಕೇಳುತ್ತಾರೆ ಎಂದು ಹೇಳುವವರಿದ್ದಾರೆ. ಹಾಡಿನ ಮಟ್ಟಿಗೆ ಅದು ಅರ್ಧ ನಿಜ. ಆದರೆ ಇ-ಪುಸ್ತಕ, ಗೇಮ್, ಆನ್‌ಲೈನ್ ಕೋರ್ಸ್ ಎಲ್ಲವೂ ಇದೇ ರೀತಿ ಮಾರಾಟವಾಗುತ್ತಿವೆ. ತೀರಿಕೊಂಡವರ ಖಾತೆಯಲ್ಲಿದ್ದದ್ದು ಮಕ್ಕಳಿಗೆ ಸೇರುತ್ತದಾ ಎಂಬ ಪ್ರಶ್ನೆಯೂ ಇದರ ಜೊತೆಗೇ ಇದೆ. ಆ್ಯಪಲ್ 2021ರಲ್ಲಿ, ತೀರಿಕೊಂಡವರ ಖಾತೆಯನ್ನು ಮನೆಯವರು ತೆರೆಯುವ ವ್ಯವಸ್ಥೆ ತಂದಿತು. ಫೋಟೋ, ಟಿಪ್ಪಣಿ ಸಿಗುತ್ತವೆ. ದುಡ್ಡು ಕೊಟ್ಟು ಕೊಂಡ ಹಾಡು, ಸಿನಿಮಾ, ಪುಸ್ತಕ ಮಾತ್ರ ಸಿಗುವುದಿಲ್ಲ.

ಸಂಸತ್ತು ಮಾಡಬೇಕಾದ ಬದಲಾವಣೆ ದೊಡ್ಡದೇನಲ್ಲ. 2012ರಲ್ಲಿ ಆ ಸಾಲು ತೆಗೆದಾಗಲೇ ಅರ್ಧ ಕೆಲಸ ಆಗಿದೆ. ಕಾನೂನುಬದ್ಧವಾಗಿ ಕೊಂಡ ಹಾಡು ಯಾವ ಸಾಧನದಲ್ಲಿದೆಯೋ ಆ ಸಾಧನದ ಜೊತೆಗೆ ದಾಟಿಸಬಹುದು, ಕೊಟ್ಟವರು ಬೇರೆ ಪ್ರತಿ ಇಟ್ಟುಕೊಳ್ಳುವಂತಿಲ್ಲ, ಡಿಸ್ಕ್ ಬದಲಿಸಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ ಎಂದು 52ನೇ ಸೆಕ್ಷನ್‌ಗೆ ಒಂದು ಉಪವಿಧಿ ಸೇರಿಸಿದರೆ ಸಾಕು. ಇದರಿಂದ ರೀಡಿಜಿಯಂಥ ಬಯಲು ಮಾರುಕಟ್ಟೆ ತೆರೆದುಕೊಳ್ಳುವುದಿಲ್ಲ, ಹಾಗಾಗಿ ಕಂಪನಿಗಳ ಮುಖ್ಯ ಭಯಕ್ಕೂ ಉತ್ತರ ಇದೆ. ಜೊತೆಗೆ, ಮಾರುವಾಗಲೇ ಗಿರಾಕಿಗೆ ಸಿಗುವುದೇನು ಎಂದು ಕನ್ನಡದಲ್ಲೂ ತಿಳಿಸುವ ನಿಯಮ ಬರಬೇಕು. ಅದಕ್ಕೆ ಕಾಪಿರೈಟ್ ಕಾಯ್ದೆಯನ್ನು ಮುಟ್ಟಬೇಕಾಗಿಯೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ ಇ-ಕಾಮರ್ಸ್ ನಿಯಮಗಳನ್ನು 2020ರಲ್ಲೇ ತಂದಿದೆ, ಅವುಗಳಿಗೆ ಇದನ್ನೂ ಸೇರಿಸಬಹುದು.